ಸುಣ್ಣದ ಕಲ್ಲು, ಕೆಮ್ಮಣ್ಣಿನ ಕಲ್ಲು

ನನ್ನನ್ನು ಕೊಟ್ಟ ಮನೆ ಶಿಗ್ಗಾಂವಿ–ಸವಣೂರು ರಸ್ತೆಗೆ ಅಂಟಿಕೊಂಡಂತೆಯೇ ಇತ್ತು. ಕಟ್ಟೆ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಡಾಂಬರು. ಆ ಡಾಂಬರು ಬಿದ್ದದ್ದೂ ನಾನು ಆ ಮನೆಗೆ ಸೊಸೆಯಾಗಿ ಬಂದದ್ದೂ ಒಂದೇ ವರ್ಷ, ಅರವತ್ತರ ದಶಕದ ಮೊದಲಲ್ಲಿ. ಬಂದವರ ಮುಂದೆ ನಮ್ಮ ಅತ್ತೆ, "ಸೊಸಿ ಬಂದ ವರ್ಷನ ರಸ್ತಾನೂ ಕರೇದಾತು ನೋಡ್ರಿ" ಎಂದು ನನ್ನ ಬಣ್ಣಕ್ಕೂ ಸೇರಿಸಿ ಒಂದು ಮಾತು ಎಸೆಯುತ್ತಿದ್ದರು. ಬಂದವರು ನಗುತ್ತಿದ್ದರು. ನಾನೂ ಸೆರಗಿನೊಳಗೆ ನಗುತ್ತಿದ್ದೆ.

ಮನೆಯ ಸವಣೂರಿನ ಕಡೆಗೆ ಒಂದು ಬೇವಿನ ಗಿಡ. ಶಿಗ್ಗಾಂವಿಯ ಕಡೆಗೆ ನಮ್ಮ ಕಣಿಕೆಯ ಬಣವೆ, ದನಗಳಿಗೆಂದು ಜೋಳದ ಒಣದಂಟನ್ನು ರಸ್ತೆಯ ಉದ್ದಕ್ಕೆ ಒಟ್ಟಿದ್ದು. ಬಣವೆ ದಾಟಿದರೆ ಇಳುಕಲು. ಇಳುಕಲು ಮುಗಿಯುವಲ್ಲಿ ರಸ್ತೆ ಎಡಕ್ಕೆ ಹೊರಳಿ ಹಳ್ಳದ ಇಕ್ಕಟ್ಟು ಸೇತುವೆಯನ್ನು ಹತ್ತುತ್ತಿತ್ತು.

ಬೆಳಿಗ್ಗೆ ಸವಣೂರಿನಿಂದ ಹೊರಟು ಶಿಗ್ಗಾಂವಿ, ಹಾನಗಲ್ಲ ದಾಟಿ ಹಿರೇಕೆರೂರು ಮುಟ್ಟುವ ಒಂದು ಖಾಸಗಿ ಬಸ್ಸಿತ್ತು. ನಮ್ಮ ಮನೆಯ ಮುಂದೆಯೇ ಅದರ ನಿಲುಗಡೆ. ಅದರ ಡ್ರೈವರು ಹಿರೇಕೆರೂರಿನವರು, ನಲವತ್ತು ದಾಟಿದವರು. ಚಪ್ಪಲಿ ಕಳಚಿ ಸೀಟಿನ ಕೆಳಗಿಟ್ಟು ಬರಿಗಾಲಲ್ಲೇ ಗಾಡಿ ಹೊಡೆಯುತ್ತಿದ್ದರು. ಬಸ್ಸಿನ ಮಾಲಕರು ಟೈರಿನ ನೂಲು ಕಾಣುವ ತನಕ ಹೊಸದು ಹಾಕಿಸುವವರಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಈ ಟೈರು ಈ ರಸ್ತೆಯನ್ನು ಎಷ್ಟು ಹಿಡಿಯುತ್ತದೆ ಎಂಬುದನ್ನು ಅವರೇ ಅಳೆದುಕೊಳ್ಳಬೇಕಾಗುತ್ತಿತ್ತು. ಹೆಬ್ಬೆರಳಿನ ಉಗುರನ್ನು ಟೈರಿನ ಗೀರಿನಲ್ಲಿ ಊರಿ ನೋಡುವರು. ಬರಿಗಾಲಿನ ಹಿಮ್ಮಡಿಯನ್ನು ಡಾಂಬರಿನ ಮೇಲೆ ತಿರುವಿ ನೋಡುವರು.

ಒಂದು ಸಲ ಸವಣೂರಿನ ವೀಳ್ಯದೆಲೆ ಮಾರುವ ಮುದುಕ ಕಿಟಕಿಯಿಂದ ತಲೆ ಹೊರಹಾಕಿ, "ಏನೋ ಡ್ರೈವರಾ, ಟಾಯರಿನ ಹಲ್ಲ ನೋಡಾಕತ್ತೀಯೇನು, ಎತ್ತಿನ ಸಂತ್ಯಾಗ ನಿಂತಂಗ?" ಎಂದ.

"ಹೌದಪಾ ಕಾಕಾ. ಎತ್ತಿಗೆ ಹಲ್ಲ ಹ್ವಾದ್ರ ಮೇವು ತಿನ್ನೂದಿಲ್ಲ, ಅಷ್ಟ. ಇದಕ್ಕ ಹಲ್ಲ ಹ್ವಾದ್ರ ನಮ್ಮನ್ನ ತಿಂತೇತಿ" ಎಂದರು ಡ್ರೈವರು.

ಇದೆಲ್ಲಕ್ಕಿಂತ ಅವರು ನಂಬಿದ್ದು ನಮ್ಮ ಮನೆಯ ಮುಂದಿನ ಮೂರು ಕಲ್ಲುಗಳನ್ನು. ಬೇವಿನ ಗಿಡದ ಹತ್ತಿರ ಯಾವಾಗಲೂ ಒಂದೇ ವೇಗಕ್ಕೆ ಬಂದು, "ಕಂಬಿ ಹಿಡೀರಿ" ಎಂದು ಕೂಗಿ, ಗಿಡದ ನೇರಕ್ಕೆ ಮುಂದಿನ ಗಾಲಿ ಬಂದಾಗ ಬ್ರೇಕು ತುಳಿಯುವರು. ಒಣ ರಸ್ತೆಯಲ್ಲಿ ಹತ್ತು ಹೆಜ್ಜೆಗೆ ಗಾಲಿ ನಿಲ್ಲುತ್ತಿತ್ತು. ತೊಯ್ದ ರಸ್ತೆಯಲ್ಲಿ ಹದಿನೈದು. ಎತ್ತಿನ ಗಾಡಿಗಳು ಎರೆಹೊಲದ ಕಪ್ಪು ಕೆಸರು ತಂದು ಡಾಂಬರಿಗೆ ಮೆತ್ತಿದ ದಿನ ಇಪ್ಪತ್ತು. ಹಿಂಗಾರಿ ಮಳೆಯಲ್ಲಿ ತಿಂಗಳೊಪ್ಪತ್ತು ಹೀಗೆ ಎಣಿಸಿ ಎಣಿಸಿ ಮೂರು ಕಡೆ ರಸ್ತೆಯ ಅಂಚಿಗೆ ಮೂರು ಕಲ್ಲು ಇಟ್ಟರು. ಗಾಲಿ ಮೊದಲನೆಯ ಕಲ್ಲಿಗೆ ನಿಂತರೆ ಇಳುಕಲನ್ನು ದಿನದ ಓಟದಲ್ಲೇ ಇಳಿಯುವುದು. ಎರಡನೆಯದಕ್ಕೆ ನಿಂತರೆ ಎರಡನೇ ಗೇರಿನಲ್ಲಿ ಮೆಲ್ಲಗೆ. ಮೂರನೆಯದನ್ನು ಮುಟ್ಟಿದರೆ ಜನರನ್ನೆಲ್ಲ ಇಳಿಸಿ, ಖಾಲಿ ಗಾಡಿಯನ್ನು ತಾವೊಬ್ಬರೇ ತೆಗೆದುಕೊಂಡು ಹೋಗುವುದು. ಗಾಡಿ ತುಂಬಿದ ದಿನ ಒಂದು ಹೆಜ್ಜೆ ರಿಯಾಯಿತಿ.

ಆ ಕಲ್ಲುಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಬಂದದ್ದು ತಾನಾಗಿಯೇ. ಒಂದು ಶುಕ್ರವಾರ ನಾನು ಕಟ್ಟೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಅಂಚು ಎಳೆಯುತ್ತಿದ್ದೆ. ಡ್ರೈವರು ದೂರ ನಿಂತು, "ತಂಗೀ, ಕೈ ತೊಯ್ದದ್ದು ತೊಯ್ದೇತಿ. ನನ್ನ ಕಲ್ಲಿಗೂ ಒಂದೊಂದು ಕೈ ಬಡದ ಬಿಡು. ಮೊದಲಿಂದಕ್ಕ ಸುಣ್ಣ, ಎರಡನೇದಕ್ಕ ಕೆಮ್ಮಣ್ಣ" ಎಂದರು.

"ಮೂರನೇದಕ್ಕರೀ?"

"ಅದಕ್ಕೇನೂ ಬ್ಯಾಡ. ಅದು ಕರೇದ ಇರಲಿ. ಅದರ ಮಾರಿ ನೋಡೂ ದಿನ ಬರಬಾರದು."

ಅಂದಿನಿಂದ ಪ್ರತಿ ಶುಕ್ರವಾರ ಕಟ್ಟೆಯ ಜೊತೆಗೆ ಕಲ್ಲುಗಳಿಗೂ ಬಣ್ಣ. ಗಾಲಿ ಎಲ್ಲಿ ನಿಂತಿತು ಎಂಬುದನ್ನು ನಾನೂ ನೋಡುವುದು ರೂಢಿಯಾಯಿತು. ಒಣ ದಿನ ಗಾಲಿ ಸುಣ್ಣದ ಕಲ್ಲಿಗೆ ನಿಂತರೆ ಬಸ್ಸಿನ ಬಾಗಿಲು ಸರಿಯಾಗಿ ನಮ್ಮ ಕಟ್ಟೆಯ ಮೆಟ್ಟಿಲ ಮುಂದೆ ಬರುತ್ತಿತ್ತು. ಇಳಿದವರು ನಮ್ಮ ಮೆಟ್ಟಿಲ ಮೇಲೇ ಗಂಟು ಇಡುತ್ತಿದ್ದರು, ಅತ್ತೆ ಬೈಯುತ್ತಿದ್ದರು. ಆ ವರ್ಷ ದೀಪಾವಳಿಯ ಮೇಲೆ ಬಣವೆ ಒಟ್ಟಿದಾಗ ಅದರ ಈಚೆಯ ಅಂಚು ಸುಣ್ಣದ ಕಲ್ಲಿನ ಎದುರಿಗೇ ಶುರುವಾಯಿತು. ಸುಣ್ಣದ ಕಲ್ಲು ಎಂದರೆ ಬಣವೆಯ ಅಂಚು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ನನ್ನ ತವರು ಹಾನಗಲ್ಲ ತಾಲೂಕಿನ ತಿಳವಳ್ಳಿ, ಭತ್ತದ ಸೀಮೆ. ಕುಸುಬಿಯ ಮುಳ್ಳು ನನ್ನ ಕೈಗೆ ಹೊಸದು. ಇವರ ಎರೆಹೊಲದಲ್ಲಿ ಕುಸುಬಿ ಎಣ್ಣೆಯ ಬೆಳೆ. ಒಣಗಿದ ಮೇಲೆ ಕೈ ಇಟ್ಟಲ್ಲೆಲ್ಲ ಚುಚ್ಚುವ ಗಿಡ, ಅದನ್ನು ಬಡಿಯುವುದೆಂದರೆ ಹೆಂಗಸರಿಗೆ ಪ್ರಾಣಸಂಕಟ. ಡಾಂಬರು ಬಿದ್ದ ಮೇಲೆ ಊರವರಿಗೆ ಉಪಾಯ ಸಿಕ್ಕಿತ್ತು. ಗಿಡಗಳನ್ನು ರಸ್ತೆಯ ಮೇಲೆ ಹರವುವುದು, ಹೋಗಿ ಬರುವ ಗಾಲಿಗಳಿಗೆ ತುಳಿಯಲು ಬಿಡುವುದು, ಸಂಜೆಗೆ ಕಾಳು ಗುಡಿಸಿಕೊಳ್ಳುವುದು.

ಯುಗಾದಿಗೆ ಇನ್ನೂ ಎರಡು ವಾರ ಇದ್ದಾಗ ನಮ್ಮ ಕುಸುಬಿ ರಸ್ತೆಗೆ ಬಂತು. ಬೆಳಗಿನ ಬಸ್ಸು ಹೋದ ಮೇಲೆ ಮನೆಯ ಮುಂದೆ ಹರವಿದೆವು. ಮಧ್ಯಾಹ್ನಕ್ಕೆ ಗಾಳಿ ಎದ್ದಿತು. ಗಿಡಗಳು ಉರುಳುರುಳಿ ಹಳ್ಳದ ಕಡೆಗೆ ಓಡತೊಡಗಿದವು.

"ಏನ್ ನೋಡ್ತಿ ನಿಂತು? ಕಲ್ಲ ತಂದ ಹೇರಬೇ ಅಂಚಿಗೆ!" ಎಂದು ಅತ್ತೆ ಒಳಗಿನಿಂದ ಕೂಗಿದರು.

ಕಲ್ಲು ಎಂದಾಗ ಕೈಗೆ ಹತ್ತಿರ ಇದ್ದವು ಆ ಮೂರೇ. ಮೂರನ್ನೂ ಎತ್ತಿ ಕುಸುಬಿಯ ಮೇಲೆ ಹೇರಿದೆ. ಮತ್ತೆ ಜಾಗದಲ್ಲಿ ಇಟ್ಟರಾಯಿತು ಎಂದುಕೊಂಡೆ. ಅತ್ತೆಗೆ ಯಾವ ಕಲ್ಲು ಎಂಬುದು ಗೊತ್ತಾಗಲೇ ಇಲ್ಲ.

ಸಂಜೆ ಮೋಡ ಕಟ್ಟಿತು. ಗಡಿಬಿಡಿಯಲ್ಲಿ ಕಾಳು ಗುಡಿಸಿ, ಚೀಲ ತುಂಬಿ, ಹೊಟ್ಟನ್ನು ಅಂಚಿಗೆ ತಳ್ಳಿದೆವು. ಕಲ್ಲುಗಳು ಮೊದಲು ಕೂತಿದ್ದ ಗುಳಿಗಳ ಮೇಲೆಲ್ಲ ಹೊಟ್ಟು ಮುಚ್ಚಿಕೊಂಡಿತು. ನಾನು ಸುಣ್ಣದ ಕಲ್ಲನ್ನು ಎತ್ತಿ ಬಣವೆಯ ಅಂಚಿನ ಎದುರಿಗೆ ಇಟ್ಟೆ. ಅಲ್ಲಿಂದ ಐದು ಹೆಜ್ಜೆಗೆ ಕೆಮ್ಮಣ್ಣಿನದು, ಮತ್ತೆ ಐದಕ್ಕೆ ಕರಿಯದು. ಅಷ್ಟು ನೀಟಾಗಿ ಇಟ್ಟೆನಲ್ಲ ಎಂದು ಸಮಾಧಾನವೂ ಆಯಿತು.

ದೀಪಾವಳಿಯಿಂದ ಅಲ್ಲಿಯ ತನಕ ನಮ್ಮ ನಾಲ್ಕು ಎತ್ತು, ಎರಡು ಎಮ್ಮೆ ಅದೇ ಬಣವೆಯನ್ನು ಮೇಯ್ದಿದ್ದವು. ದಿನಾ ಬೆಳಿಗ್ಗೆ ಈಚೆಯ ಅಂಚಿನಿಂದ ಕಣಿಕೆ ಹಿರಿದು ಹಾಕುತ್ತಿದ್ದವಳು ನಾನೇ. ಬಣವೆ ಐದು ಹೆಜ್ಜೆ ಹಿಂದೆ ಸರಿದಿತ್ತು. ನನ್ನ ಕೈಯಿಂದಲೇ ಕರಗಿದ ಅಂಚನ್ನು ಗುರುತು ಹಿಡಿದು ಕಲ್ಲು ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ಸಣ್ಣ ಹನಿ. ಮಳೆ ಎನ್ನುವಷ್ಟಲ್ಲ. ನಾಲ್ಕು ತಿಂಗಳ ಧೂಳು, ಸಗಣಿ, ಎಂಜಿನಿನಿಂದ ಸೋರಿದ ಎಣ್ಣೆ ಎಲ್ಲ ಆ ಹನಿಗೆ ಕಲಸಿ ಡಾಂಬರು ಹೊಳೆಯುತ್ತಿತ್ತು. ಬಸ್ಸು ಬಂತು. "ಕಂಬಿ ಹಿಡೀರಿ" ಎಂಬ ಕೂಗು, ಬ್ರೇಕಿನ ಸದ್ದು. ಗಾಲಿ ಸುಣ್ಣದ ಕಲ್ಲಿಗೆ ನಿಂತಿತು.

ಡ್ರೈವರು ಇಳಿದು ಸುತ್ತು ಹಾಕಿ ಬಂದು ಕಲ್ಲು ನೋಡಿದರು. ಹುಬ್ಬು ಗಂಟಾಯಿತು.

"ಹನಿ ಬಿದ್ರೂ ಹಿಡಿತ ಇಷ್ಟ ಚಲೋ ಹೆಂಗವಾ? ಯಾರರ ಕಲ್ಲ ಮುಟ್ಟಿದ್ರೇನು?"

ನಾನು ಕಸಬರಿಗೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆ. ಬಸ್ಸಿನ ಬಾಗಿಲು ನಮ್ಮ ಮೆಟ್ಟಿಲ ಮುಂದೆ ಇರಲಿಲ್ಲ. ಬಣವೆಯ ಮುಂದೆ ಇತ್ತು. ಇಳಿದ ಹೆಂಗಸೊಬ್ಬಳು ಗಂಟನ್ನು ಕಣಿಕೆಯ ಮೇಲೆ ಇಟ್ಟಿದ್ದಳು. ನೋಡಿದ ಕೂಡಲೇ ನನಗೆ ಎಲ್ಲ ತಿಳಿಯಿತು.

ನಾನು ಮಾತಾಡುವ ಮೊದಲೇ ಅತ್ತೆ, "ನಿನ್ನ ಕಲ್ಲ ಯಾರ ಮುಟ್ಟತಾರೋ ಯಪ್ಪಾ? ಬಂಗಾರದ್ದೇನು ಅದು?" ಎಂದರು. ಬಸ್ಸಿನ ತುಂಬ ನಗು. ಎಲೆಯ ಮುದುಕ, "ಏ, ಹೊಂಡೋ ಮಾರಾಯಾ! ಶಿಗ್ಗಾಂವ್ಯಾಗ ನನ್ನ ಎಲಿ ಬಾಡತಾವು. ಕಲ್ಲಿನ ಪೂಜಿ ನಾಳಿಗೆ ಮಾಡು" ಎಂದ.

ಡ್ರೈವರು ನಗಲಿಲ್ಲ. ನನ್ನ ಕಡೆಗೇ ನೋಡಿದರು. "ಬರೋಬರಿ ಅದಾವಲ್ಲ ತಂಗಿ?"

ನಾನು ತಲೆ ಆಡಿಸಿದೆ. ಹೌದು ಎಂದು.

ಯಾಕೆ ಆಡಿಸಿದೆ ಎಂದು ನನ್ನನ್ನೇ ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಅತ್ತೆಯ ಮಾತನ್ನು ಜನರೆದುರು ಸುಳ್ಳು ಮಾಡುವುದು ಹೇಗೆ ಎಂಬ ಅಂಜಿಕೆ ಒಂದು. ಹೊಸ ಸೊಸೆ ಗಂಡಸರಿಗೆ ದನಿ ಎತ್ತಿ ಹೇಳಬಾರದು ಎಂಬುದು ಇನ್ನೊಂದು. ಇವೆಲ್ಲ ನಿಜ. ಆದರೆ ಎಲ್ಲಕ್ಕಿಂತ ನಿಜವಾದದ್ದು, ಒಂದು ಸಲ ಏನಾಗುತ್ತದೆ ಎಂದುಕೊಂಡದ್ದು. ಒಂದೇ ದಿನದ ಮಾತು, ಬಸ್ಸು ಹೋದ ಮೇಲೆ ಸರಿಯಾಗಿ ಇಟ್ಟರಾಯಿತು ಎಂದುಕೊಂಡೆ.

ಅವರು ಹಿಮ್ಮಡಿ ತಿರುವಿ ನೋಡಲಿಲ್ಲ. ಕಲ್ಲಿನ ಮಾತು, ನನ್ನ ಮಾತು ಎರಡೂ ಸಿಕ್ಕಿದ ಮೇಲೆ ಯಾಕೆ ನೋಡುತ್ತಾರೆ? ಬಸ್ಸು ದಿನದ ಓಟದಲ್ಲೇ ಇಳುಕಲು ಇಳಿಯಿತು.

ಸದ್ದು ದೊಡ್ಡದೇನೂ ಆಗಲಿಲ್ಲ. ಎಲ್ಲರೂ ಓಡಿದರು, ನಾನೂ ಓಡಿದೆ. ಹೊರಳಿನಲ್ಲಿ ಜಾರಿದ ಬಸ್ಸು ಸೇತುವೆಯ ಗೋಡೆಗೆ ಪಕ್ಕೆ ಒರೆಸಿ, ರಸ್ತೆ ಇಳಿದು ಎರೆಹೊಲದಲ್ಲಿ ಓರೆಯಾಗಿ ಕೂತಿತ್ತು. ಇಳುಕಲಿನ ತುಂಬ ಸವಣೂರಿನ ಎಲೆ ಚೆಲ್ಲಿತ್ತು, ಎಲ್ಲಿ ನೋಡಿದರೂ ಹಸಿರು. ಜೀವಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಎಲೆಯ ಮುದುಕನ ಬಲ ಮಣಿಕಟ್ಟು ಮುರಿದಿತ್ತು. ಡ್ರೈವರಿನ ಹಣೆ ಒಡೆದಿತ್ತು. ಅವರು ರಕ್ತ ಒರೆಸಿಕೊಳ್ಳದೆ ಬಸ್ಸಿನ ಗಾಲಿಯನ್ನೇ ನೋಡುತ್ತ ನಿಂತಿದ್ದರು. ನಾನು ಮನೆಗೆ ಓಡಿ ತಂದ ಅರಿಷಿಣದ ಪುಡಿಯನ್ನು ಅವರ ಹಣೆಗೆ ಒತ್ತಿ, ಮುದುಕನ ಹೆಗಲಿನ ವಸ್ತ್ರ ಹರಿದು ಯಾರೋ ಕಟ್ಟಿದರು. ಆಗಲೂ ಹೇಳಬಹುದಿತ್ತು. ಹತ್ತಿರವೇ ಇದ್ದೆ.

ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಹಗಲೆಲ್ಲ ಮಳೆ ಬಿದ್ದು ಹೊಟ್ಟು ತೊಳೆದುಹೋಗಿತ್ತು. ದೀಪ ಹಚ್ಚುವ ಹೊತ್ತಿಗೆ ನೋಡಿದರೆ ಮೂರು ಗುಳಿಗಳು ನೀರು ತುಂಬಿಕೊಂಡು ಎದ್ದು ಕಾಣುತ್ತಿದ್ದವು. ಅತ್ತೆ ದೇವರ ಮುಂದೆ ಕೂತಾಗ ನಾನು ಹೊರಗೆ ಬಂದು, ಒಂದೊಂದು ಕಲ್ಲನ್ನೂ ಅದರದರ ಗುಳಿಗೆ ಸೇರಿಸಿದೆ. ಕೈಗೆ ಹತ್ತಿದ ಕೆಮ್ಮಣ್ಣನ್ನು ಬಾನಿಯ ನೀರಿನಲ್ಲಿ ತೊಳೆದುಕೊಂಡು ರೊಟ್ಟಿ ಬಡಿಯಲು ಕೂತೆ. ಅಂದು ರೊಟ್ಟಿಗಳು ಚೆನ್ನಾಗಿಯೇ ಉಬ್ಬಿದವು. ಅದೂ ನೆನಪಿದೆ.

ಎರಡು ದಿನ ಬಿಟ್ಟು ಮಾಲಕರು ಡ್ರೈವರನ್ನು ಕರೆದುಕೊಂಡು ಬಂದರು. ಊರಿನ ಹತ್ತು ಜನ ಸೇರಿದ್ದರು.

"ತೋರಸಪಾ ನಿನ್ನ ಕಲ್ಲು! ಗಾಡಿ ಬ್ರೇಕ್ ನೋಡಿ ಹೊಡಿಯೋವರನ್ನ ಕಂಡೇನಿ, ಕಲ್ಲ ನೋಡಿ ಹೊಡಿಯೋವನ್ನ ನಿನ್ನನ್ನ ಮೊದಲ ಕಂಡೆ" ಎಂದರು ಮಾಲಕರು.

ಡ್ರೈವರು ಬೇವಿನ ಗಿಡಕ್ಕೆ ಬೆನ್ನು ಹಚ್ಚಿ ನಿಂತು ಹೆಜ್ಜೆ ಎಣಿಸತೊಡಗಿದರು. ಹತ್ತಕ್ಕೆ ಸುಣ್ಣದ ಕಲ್ಲು. ಹದಿನೈದಕ್ಕೆ ಕೆಮ್ಮಣ್ಣಿನದು. ಇಪ್ಪತ್ತಕ್ಕೆ ಕರಿಯದು. ಹಿಂದಕ್ಕೆ ಹೋಗಿ ಇನ್ನೊಂದು ಸಲ ಎಣಿಸಿದರು. ಆಮೇಲೆ ಕೆಮ್ಮಣ್ಣಿನ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಬಹಳ ಹೊತ್ತು ನೋಡಿದರು.

ಮಾಲಕರು ನನ್ನ ಕಡೆಗೆ ತಿರುಗಿ, "ನೀವ ಅಲ್ಲೇನವ್ವಾ ಬಣ್ಣ ಬಡಿಯೋರು? ಅವತ್ತ ಕಲ್ಲ ಅತ್ತಿತ್ತ ಆಗಿದ್ದುವೇನು?" ಎಂದರು.

"ಇಲ್ರೀ. ನನಗ ಗೊತ್ತಿಲ್ರೀ" ಎಂದೆ.

ಡ್ರೈವರು ಎದ್ದು ನಿಂತರು. "ಆಕಿನ್ನ ಯಾಕ ಕೇಳ್ತೀರಿ? ಕಲ್ಲ ಜಾಗಾದಾಗ ಅದಾವ. ಅವತ್ತ ರಸ್ತಾ ತೊಯ್ದಿತ್ತು, ಗಾಲಿ ಇಲ್ಲೆ ನಿಂತಿತ್ತು, ಹದಿನೈದಕ್ಕ. ಇಲ್ಲಿದ್ದದ್ದು ಕೆಂಪ ಕಲ್ಲು. ನನಗ ಬಿಳೇದ ಕಂಡೇತಿ. ಕೆಂಪು ಬಿಳೇದು ತಿಳೀದವ ಗಾಡಿ ಹೊಡೀಬಾರದು, ಧಣ್ಯಾರ."

ಮಾಲಕರು ಬೈಯಲು ಬಂದವರು ಬೈಯದೇ ನಿಂತರು. ಡ್ರೈವರು ಸೊಂಟದಿಂದ ಬಸ್ಸಿನ ಕೀಲಿ ತೆಗೆದು ಅವರ ಕೈಗೆ ಕೊಟ್ಟು, ನನಗೆ ಕೈ ಮುಗಿದು, "ಇಷ್ಟ ದಿನ ಬಣ್ಣ ಬಡದೀಯವಾ, ಪುಣ್ಯೇ ಬರಲಿ" ಎಂದು ಹೋದರು. ಆ ಪುಣ್ಯವನ್ನು ಎಲ್ಲಿ ಇಟ್ಟುಕೊಳ್ಳಲಿ? ಮುಂದಿನ ಶುಕ್ರವಾರ ಕಟ್ಟೆಗೆ ಸುಣ್ಣ ಬಳಿದೆ, ಕಲ್ಲುಗಳನ್ನು ಮುಟ್ಟಲಿಲ್ಲ. ಹೊಸ ಡ್ರೈವರು ಅವುಗಳ ಕಡೆ ನೋಡಲೂ ಇಲ್ಲ. ಮಳೆಗಾಲಕ್ಕೆ ಸುಣ್ಣವೂ ಕೆಮ್ಮಣ್ಣೂ ಹೋಗಿ ಮೂರೂ ಒಂದೇ ಬಣ್ಣವಾದವು.

ಆರು ವರ್ಷಗಳಾದವು. ಎರಡು ಮಕ್ಕಳಾದವು. ಅತ್ತೆ ಹಾಸಿಗೆ ಹಿಡಿದು, ನನ್ನ ಕೈಯ ಗಂಜಿ ಕುಡಿದು, ಹೋದರು. ಅವರಿಗೂ ನಾನು ಹೇಳಲಿಲ್ಲ. ಬಸ್ಸಿನಲ್ಲಿ ಕೂತಾಗ ಡ್ರೈವರು ಬ್ರೇಕು ತುಳಿದರೆ ಸಾಕು, ನನ್ನ ಬಾಯಿ ತಾನಾಗಿ ಹೆಜ್ಜೆ ಎಣಿಸುತ್ತಿತ್ತು. ಯಜಮಾನರು, "ಏನ್ ಜಪಾ ಮಾಡಾಕತ್ತೀಯೇ?" ಎಂದು ಕೇಳುವರು. "ಏನಿಲ್ಲ ಬಿಡ್ರಿ" ಎನ್ನುವೆ.

ನಾದಿನಿಯನ್ನು ಹಿರೇಕೆರೂರಿಗೆ ಕೊಟ್ಟಿತ್ತು. ಅವಳ ಹೆರಿಗೆಗೆಂದು ಹೋದವಳು ಸಂತೆಯ ದಿನ ಹೊರಗೆ ಬಂದೆ. ಗೋವಿನಜೋಳದ ಚೀಲಗಳ ಸಾಲು ಮುಗಿದಲ್ಲಿ, ಬಸ್ ನಿಲ್ದಾಣದ ಎದುರಿಗೆ, ಒಬ್ಬರು ಗೋಣಿತಟ್ಟಿನ ನೆರಳಿನಲ್ಲಿ ಕೂತು ಹಳೆಯ ಟೈರು ಕೊಯ್ದು ಚಪ್ಪಲಿ ಮಾಡುತ್ತಿದ್ದರು. ಹಣೆಯ ಮೇಲೆ ಓರೆ ಗಾಯದ ಕಲೆ. ಪಕ್ಕದಲ್ಲಿ ಹೆಂಡತಿ ಪಟ್ಟಿಗೆ ಮೊಳೆ ಜೋಡಿಸಿ ಕೊಡುತ್ತಿದ್ದಳು.

ನಾನು ಅಲ್ಲಿಂದ ದಾಟಿ ಹೋದೆ. ಬಳೆಗಾರನ ತನಕ ಹೋಗಿ ಮತ್ತೆ ತಿರುಗಿ ಬಂದೆ.

"ಯಾರಿಗ್ರೀ, ಯಜಮಾನರಿಗೋ?" ಎಂದರು ತಲೆ ಎತ್ತದೆ. ಯಜಮಾನರ ಅಳತೆ ಹೇಳಿದೆ. ದನಿ ಕೇಳಿ ಮೇಲೆ ನೋಡಿದರು. "ಕಲ್ಲಿನ ತಂಗಿ ಅಲ್ಲೇನು ನೀ? ಕುಂದ್ರು, ಕುಂದ್ರವಾ. ಏ, ಆಕಿಗೆ ನೀರು ಕೊಡು. ನಾ ಹೇಳಿದ್ನಲ್ಲ, ನನ್ನ ಕಲ್ಲಿಗೆ ಬಣ್ಣ ಬಡೀತಿದ್ದ ಹುಡುಗಿ" ಎಂದು ಹೆಂಡತಿಗೆ ಹೇಳಿದರು.

ಆ ನೀರು ಕುಡಿಯಲು ನನ್ನಿಂದ ಆಗಲಿಲ್ಲ. ತಂಬಿಗೆ ಕೆಳಗಿಟ್ಟು ಹೇಳಿದೆ. ಕುಸುಬಿ, ಗಾಳಿ, ಬಣವೆಯ ಅಂಚು, ತಲೆ ಆಡಿಸಿದ್ದು, ಸಂಜೆ ಗುಳಿಗೆ ಕಲ್ಲು ಸೇರಿಸಿದ್ದು. ಯಾವುದನ್ನೂ ಬಿಡಲಿಲ್ಲ. ಅವರ ಹೆಂಡತಿಯ ಕೈಯಲ್ಲಿ ಮೊಳೆ ಹಾಗೇ ನಿಂತಿತ್ತು.

"ಎಷ್ಟ ಹೆಜ್ಜಿ ಸರದಿತ್ತು?" ಎಂದರು ಅವರು.

"ಐದು."

"ಐದು..." ಮನಸ್ಸಿನಲ್ಲೇ ಎಣಿಸಿಕೊಂಡರು. "ಅಂದ್ರ ಹದಿನೈದಕ್ಕ ಇದ್ದದ್ದು ಬಿಳೇದ. ನಾ ಕಂಡದ್ದು ಖರೇ." ಕೈಯಲ್ಲಿದ್ದ ಟೈರಿನ ತುಂಡನ್ನು ಕೆಳಗಿಟ್ಟರು. "ಬಣವಿ ನೋಡಿ ಇಟ್ಟೆ ಅಂತೀ. ದನ ಮೇದದ್ದು ನನ್ನ ಕಣ್ಣಿಗೆ ಬಂತಲ್ಲವಾ."

"ತಪ್ಪಾತ್ರೀ" ಎಂದೆ. ಅಷ್ಟು ವರ್ಷ ಕಾದಿಟ್ಟ ಮಾತು ಅಷ್ಟು ಸಣ್ಣದಾಗಿತ್ತು.

ಹೆಂಡತಿಯೇ ಬಾಯಿ ಬಿಟ್ಟಳು. "ಹುಬ್ಬಳ್ಳಿ ಡಾಕ್ಟರ ಕಣ್ಣ ಚಲೋ ಅದಾವ ಅಂದ್ರು, ನಂಬಲಿಲ್ಲ ಈ ಮನಶ್ಯಾ. ಗಾಡಿ ಅಂತೂ ಹೋತು. ರಸ್ತಾ ದಾಟಬೇಕಾದ್ರೂ ನನ್ನ ಕೈ ಹಿಡೀತಾರ ನೋಡವಾ, ಆರು ವರ್ಷದಿಂದ. ಅವಾಗ ಒಂದು ಮಾತ ಹೇಳಿದ್ರ ನಿನ್ನ ಗಂಟ ಏನ್ ಹೋಗತಿತ್ತು?"

"ಇರಲಿ ಬಿಡು. ಹೇಳಿದಳಲ್ಲ ಈಗ" ಎಂದರು ಅವರು. ಕ್ಷಮಿಸಿದ ದನಿಯಲ್ಲ ಅದು. ಗಿರಾಕಿಯ ಮುಂದೆ ಜಗಳ ಬೇಡ ಎನ್ನುವ ದನಿ. ಯಜಮಾನರ ಅಳತೆಗೆ ಮೊದಲೇ ಕೊಯ್ದಿಟ್ಟಿದ್ದ ಚಪ್ಪಲಿಯ ಅಟ್ಟೆಯೊಂದನ್ನು ಕೈಗೆತ್ತಿಕೊಂಡು ಗೀರಿನಲ್ಲಿ ಹೆಬ್ಬೆರಳ ಉಗುರು ಊರಿದರು. ಉಗುರು ಇಳಿಯಲಿಲ್ಲ. ಅದನ್ನು ಆಚೆ ಒಗೆದು ಇನ್ನೊಂದು ಟೈರು ಎಳೆದುಕೊಂಡರು. "ಇದು ಸವದೇತಿ. ನಿಮ್ಮ ಎರಿ ನೆಲಕ್ಕ ಬ್ಯಾಡ, ಜಾರತೇತಿ" ಎಂದು ಬೇರೆ ಜೋಡಿ ಕೊಯ್ಯತೊಡಗಿದರು.

"ಮತ್ತ ಗಾಡಿ ಹೊಡೀತೀರೇನ್ರೀ?" ಎಂದು ಕೇಳಿದೆ. ಕೇಳಬಾರದಿತ್ತು.

"ಕಣ್ಣ ಸುದ್ದ ಅದಾವ ಅಂತ ಇವತ್ತ ಗೊತ್ತಾತು. ಅವನ್ನ ನಂಬೂದು ಯಾವತ್ತ ಆಗತೇತೋ ಗೊತ್ತಿಲ್ಲವಾ."

ಜೋಡು ಮುಗಿಯಿತು. ಕಾಗದದಲ್ಲಿ ಸುತ್ತಿ ಕೊಟ್ಟರು. ಚಹಾ ಕುಡಿದು ಬರುತ್ತೇನೆಂದು ಎದ್ದು ನಿಂತರು. ಚಹಾದ ಅಂಗಡಿ ರಸ್ತೆಯ ಆಚೆಗಿತ್ತು. ಸಂತೆಯ ಚಕ್ಕಡಿಗಳು, ಎರಡು ಬಸ್ಸು, ಸೈಕಲ್ಲುಗಳು. ಅವರು ರಸ್ತೆಯ ಅಂಚಿಗೆ ಹೋಗಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ರಸ್ತೆ ಖಾಲಿಯಾಯಿತು. ಒಂದು ಹೆಜ್ಜೆ ಮುಂದೆ ಇಟ್ಟು ಮತ್ತೆ ಹಿಂದಕ್ಕೆ ತೆಗೆದುಕೊಂಡರು.

ಹೆಂಡತಿ ಕೈಯಲ್ಲಿದ್ದ ಮೊಳೆಗಳನ್ನು ಡಬ್ಬಿಗೆ ಹಾಕಿ, ಹೋಗಿ ಪಕ್ಕದಲ್ಲಿ ನಿಂತು ಕೈ ಚಾಚಿದಳು. ಅವರು ಆ ಕೈಯನ್ನು ನೋಡಿದರು. ಒಂದು ಗಳಿಗೆ ತಿರುಗಿ ನನ್ನನ್ನೂ ನೋಡಿದರು. ಆಮೇಲೆ ಆ ಕೈ ಹಿಡಿದುಕೊಂಡೇ ರಸ್ತೆ ದಾಟಿದರು.